ಸತತ ನಾಲ್ಕನೇ ಟೆಸ್ಟ್ ಸಿಗದ ತ್ರಿಶತಕಿ: ಕರುಣ್ ನಾಯರ್ ಪ್ರಕರಣ

ಕರುಣ್ ನಾಯರ್ ಭಾರತಕ್ಕೆ ಆಡಿದ್ದು 10 ಟೆಸ್ಟ್. 15 ಇನ್ನಿಂಗ್ಸ್, 579 ರನ್. ಸರಾಸರಿ 41ರ ಮೇಲಿದೆ. ಇದರಲ್ಲಿ 303 ರನ್ ಒಂದೇ ಇನ್ನಿಂಗ್ಸ್‌ನಲ್ಲಿ ಬಂದವು. ಉಳಿದ 14 ಇನ್ನಿಂಗ್ಸ್ ಸೇರಿಸಿದರೆ 276. ಅಂದರೆ ಆ ಒಂದು ಆಟ ಬದಿಗಿಟ್ಟರೆ ಸರಾಸರಿ 20ನ್ನೂ ಮುಟ್ಟುವುದಿಲ್ಲ.

ಇವರ ಬಗ್ಗೆ ಮಾತು ಬಂದಾಗಲೆಲ್ಲ ಜನ ಎರಡು ಗುಂಪಾಗುತ್ತಾರೆ. ಒಂದು ಗುಂಪಿಗೆ 303 ಮಾತ್ರ ಕಾಣುತ್ತದೆ: 'ಇಂಥವರನ್ನು ಕೈಬಿಟ್ಟರಲ್ಲಾ, ಅನ್ಯಾಯ!' ಇನ್ನೊಂದು ಗುಂಪಿಗೆ ಉಳಿದ 276 ಮಾತ್ರ: 'ಒಂದಿನ ಆಡಿದ್ರು, ಅಷ್ಟೇ ಅಲ್ವಾ?' ಎರಡೂ ಸುಳ್ಳಲ್ಲ. ಆದರೆ ನನಗೆ ಈ ಪ್ರಕರಣದ ಕೀಲಿ ರನ್ನುಗಳಲ್ಲಿ ಕಾಣುವುದಿಲ್ಲ, ಆ 10 ಟೆಸ್ಟ್‌ಗಳು ಬಂದ ಕ್ರಮದಲ್ಲಿ ಕಾಣುತ್ತದೆ. ಮೊಹಾಲಿ, ಮುಂಬೈ, ಚೆನ್ನೈ. ಅಲ್ಲಿಗೆ ನಿಂತಿತು. ಬೆಂಗಳೂರು, ರಾಂಚಿ, ಧರ್ಮಶಾಲಾ. ಮತ್ತೆ ನಿಂತಿತು. ಎಂಟು ವರ್ಷ ಕಳೆದು ಲೀಡ್ಸ್, ಬರ್ಮಿಂಗ್‌ಹ್ಯಾಂ, ಲಾರ್ಡ್ಸ್. ಮತ್ತೆ ಬಿಡುವು. ಕೊನೆಗೆ ಓವಲ್ ಒಂದೇ.

ಮೂರು, ಮೂರು, ಮೂರು, ಒಂದು. ಸತತವಾಗಿ ನಾಲ್ಕನೇ ಟೆಸ್ಟ್ ಈ ಮನುಷ್ಯನಿಗೆ ಒಮ್ಮೆಯೂ ಸಿಗಲಿಲ್ಲ. ತ್ರಿಶತಕ ಹೊಡೆದ ಮೇಲೂ ಸಿಗಲಿಲ್ಲ. ಇದು ಹೇಗೆ ಸಾಧ್ಯ ಅನ್ನುವುದೇ ಈ ಬರಹದ ವಿಷಯ.

ಬೇರೆಯವರ ಗಾಯದಿಂದ ಸಿಕ್ಕ ಜಾಗ

ಕರುಣ್ ಹುಟ್ಟಿದ್ದು 1991ರ ಡಿಸೆಂಬರ್ 6ರಂದು, ಜೋಧಪುರದಲ್ಲಿ. ಮನೆಯವರು ಮಲಯಾಳಿಗಳು. ಬೆಳೆದದ್ದು, ಕ್ರಿಕೆಟ್ ಕಲಿತದ್ದು ಬೆಂಗಳೂರಿನಲ್ಲಿ. ಕರ್ನಾಟಕದ ಪರ ರಣಜಿಗೆ ಇಳಿದದ್ದು 2013-14ರಲ್ಲಿ. ಮೊದಲ ಋತುವಿನಲ್ಲೇ ಶತಕಗಳು ಬಂದವು, ತಂಡ ಟ್ರೋಫಿಯನ್ನೂ ಗೆದ್ದಿತು. ಮರುವರ್ಷ ವಾಂಖೆಡೆಯಲ್ಲಿ ತಮಿಳುನಾಡು ಎದುರು ಫೈನಲ್. ಕರ್ನಾಟಕ 84ಕ್ಕೆ 5 ವಿಕೆಟ್ ಕಳೆದುಕೊಂಡಿತ್ತು. ಅಲ್ಲಿಂದ ಕರುಣ್ ಮತ್ತು ಕೆ.ಎಲ್. ರಾಹುಲ್ 386 ರನ್ ಜೊತೆಯಾಟ ಆಡಿದರು. ರಾಹುಲ್ 188, ಕರುಣ್ 328. ರಣಜಿ ಫೈನಲ್‌ನಲ್ಲಿ ಅಷ್ಟು ದೊಡ್ಡ ಮೊತ್ತವನ್ನು ಅದಕ್ಕೂ ಮೊದಲು ಯಾರೂ ಹೊಡೆದಿರಲಿಲ್ಲ. ಗುಲ್ ಮೊಹಮ್ಮದ್ ಅವರ 319 ಸುಮಾರು ಏಳು ದಶಕ ನಿಂತಿತ್ತು, ಅದು ಮುರಿಯಿತು.

ಚೆನ್ನೈನ 303ನ್ನು 'ಸುಮ್ನೆ ತಗುಲಿದ್ದು' ಅನ್ನುವವರು ಈ 328ನ್ನು ಮರೆತಿರುತ್ತಾರೆ. ಟೆಸ್ಟ್‌ಗೆ ಬರುವ ಮೊದಲೇ, ಫೈನಲ್‌ನ ಒತ್ತಡದಲ್ಲಿ, ತಂಡ ಮುಳುಗುತ್ತಿದ್ದಾಗ, ಇವರು ತ್ರಿಶತಕ ಹೊಡೆದಾಗಿತ್ತು. ದೊಡ್ಡದಾಗಿ ಆಡುವುದು ಇವರಿಗೆ ಗೊತ್ತಿತ್ತು.

2016ರ ಜೂನ್‌ನಲ್ಲಿ ಹರಾರೆಯಲ್ಲಿ ಏಕದಿನ ಪಂದ್ಯಕ್ಕೆ ಪದಾರ್ಪಣೆ. ಅದೇ ಪಂದ್ಯದಲ್ಲಿ ರಾಹುಲ್ ಕೂಡ ಮೊದಲ ಬಾರಿ ಆಡಿದರು. ಅವರಿಗೆ ಶತಕ, ಕರುಣ್‌ಗೆ 7. ಎರಡು ಏಕದಿನ ಪಂದ್ಯಗಳಿಂದ ಒಟ್ಟು 46 ರನ್. ಆ ಅಧ್ಯಾಯ ಅಲ್ಲಿಗೆ ಮುಗಿಯಿತು.

ಟೆಸ್ಟ್ ಕ್ಯಾಪ್ ಸಿಕ್ಕಿದ್ದು ಅದೇ ವರ್ಷದ ನವೆಂಬರ್‌ನಲ್ಲಿ, ಇಂಗ್ಲೆಂಡ್ ಎದುರು ಮೊಹಾಲಿಯಲ್ಲಿ. ರಾಹುಲ್ ಗಾಯಗೊಂಡಿದ್ದರು, ಆ ಜಾಗಕ್ಕೆ ಕರುಣ್. ವಿರಾಟ್ ಕೊಹ್ಲಿ ಜೊತೆ ಓಟದ ಗೊಂದಲವಾಗಿ 4 ರನ್ನಿಗೆ ರನೌಟ್. ಮುಂಬೈ ಟೆಸ್ಟ್ ಹೊತ್ತಿಗೆ ರಾಹುಲ್ ವಾಪಸ್ ಬಂದರು. ಲೆಕ್ಕದ ಪ್ರಕಾರ ಕರುಣ್ ಹೊರಗೆ ಕೂರಬೇಕಿತ್ತು. ಆದರೆ ಪಂದ್ಯಕ್ಕೆ ಮುಂಚೆ ಅಜಿಂಕ್ಯ ರಹಾನೆ ಬೆರಳಿಗೆ ಪೆಟ್ಟಾಯಿತು. ಹಾಗಾಗಿ ಇನ್ನೊಬ್ಬರ ಜಾಗದಲ್ಲಿ ಮತ್ತೊಂದು ಪಂದ್ಯ. ಅಲ್ಲಿ 13. ರಹಾನೆ ಬೆರಳು ವಾಸಿಯಾಗಿರಲಿಲ್ಲ, ಆದ್ದರಿಂದ ಚೆನ್ನೈ.

ಇದನ್ನು ಗಮನದಲ್ಲಿಡಿ. ಕರುಣ್ ಚೆನ್ನೈಗೆ ಹೋದದ್ದು ತಾವು ಗೆದ್ದುಕೊಂಡ ಜಾಗದಲ್ಲಿ ಅಲ್ಲ. ರಹಾನೆ ಅವರ ಜಾಗ ಖಾಲಿ ಇತ್ತು ಅಂತ.

ಚೆನ್ನೈ, 2016 ಡಿಸೆಂಬರ್

ವಾರ್ಧಾ ಚಂಡಮಾರುತ ಚೆನ್ನೈಗೆ ಅಪ್ಪಳಿಸಿದ್ದು ಡಿಸೆಂಬರ್ 12ರಂದು. 16ಕ್ಕೆ ಟೆಸ್ಟ್ ಶುರು. ಚೆಪಾಕ್‌ನ ಸಿಬ್ಬಂದಿ ಹೇಗೋ ಪಿಚ್ ಒಣಗಿಸಿದರು. ಇಂಗ್ಲೆಂಡ್ ಮೊದಲು ಆಡಿ 477 ಹೊಡೆಯಿತು. ಭಾರತ 211ಕ್ಕೆ 3 ಆದಾಗ ಕರುಣ್ ಕ್ರೀಸ್‌ಗೆ ಬಂದರು. ಆಗಷ್ಟೇ 25 ತುಂಬಿತ್ತು.

ಆಚೆ ತುದಿಯಲ್ಲಿ ರಾಹುಲ್. ಕರ್ನಾಟಕದ ಇಬ್ಬರೂ ಸೇರಿ 161 ರನ್ ಸೇರಿಸಿದರು. ರಾಹುಲ್ 199ಕ್ಕೆ ಔಟಾದರು. ಆ ಸಂಜೆ ಇಡೀ ದೇಶ ಆ ಒಂದು ರನ್ನಿಗೆ ಮರುಗುತ್ತಿತ್ತು. 71ರಲ್ಲಿ ಅಜೇಯರಾಗಿದ್ದ ಕರುಣ್ ಕಡೆ ಯಾರ ಗಮನವೂ ಅಷ್ಟಾಗಿ ಇರಲಿಲ್ಲ.

ಮರುದಿನ ಅವರು ಒಬ್ಬರೇ 232 ರನ್ ಹೊಡೆದರು. ಮೊದಲ ನೂರಕ್ಕೆ 185 ಎಸೆತ ಬೇಕಾಗಿತ್ತು. ಎರಡನೇ ನೂರಕ್ಕೆ 121. ಮೂರನೇ ನೂರಕ್ಕೆ ಬರೀ 75. ಪಿಚ್ ಸಪ್ಪಟೆಯಾಗಿತ್ತು, ಒಪ್ಪೋಣ. ಇಂಗ್ಲೆಂಡ್ ಬೌಲರ್‌ಗಳು ಸರಣಿಯ ಕೊನೆಗೆ ಸುಸ್ತಾಗಿದ್ದರು, ಅದನ್ನೂ ಒಪ್ಪೋಣ. ಆದರೆ ಅದೇ ಪಿಚ್ ಎಲ್ಲರಿಗೂ ಇತ್ತಲ್ಲ! ಸ್ಪಿನ್ನರ್‌ಗಳಿಗೆ ಸ್ವೀಪ್, ರಿವರ್ಸ್ ಸ್ವೀಪ್ ಎರಡನ್ನೂ ಇಷ್ಟು ಸಲೀಸಾಗಿ ಆಡುವ ಭಾರತೀಯರು ಆಗ ಕಡಿಮೆ. ಮೊಯೀನ್ ಅಲಿ, ಆದಿಲ್ ರಶೀದ್ ಎಲ್ಲಿ ಫೀಲ್ಡರ್ ಇಟ್ಟರೂ ಚೆಂಡು ಇನ್ನೊಂದು ಕಡೆ ಹೋಗುತ್ತಿತ್ತು. ಆರ್. ಅಶ್ವಿನ್ ಜೊತೆ 181, ರವೀಂದ್ರ ಜಡೇಜ ಜೊತೆ 138. 299ರಲ್ಲಿದ್ದಾಗ ಒಂದು ಬೌಂಡರಿ. ಕೊಹ್ಲಿ ಡಿಕ್ಲೇರ್ ಮಾಡಿಕೊಂಡರು. 7 ವಿಕೆಟ್‌ಗೆ 759, ಟೆಸ್ಟ್‌ನಲ್ಲಿ ಭಾರತದ ಅತಿದೊಡ್ಡ ಮೊತ್ತ. ಕರುಣ್ 381 ಎಸೆತಕ್ಕೆ 303, ಔಟಾಗದೆ. 32 ಬೌಂಡರಿ, 4 ಸಿಕ್ಸರ್.

ಅದಕ್ಕೂ ಮೊದಲು ಭಾರತಕ್ಕೆ ತ್ರಿಶತಕ ಹೊಡೆದಿದ್ದವರು ವೀರೇಂದ್ರ ಸೆಹ್ವಾಗ್ ಒಬ್ಬರೇ, ಎರಡು ಸಲ. ತನ್ನ ಮೊದಲ ಟೆಸ್ಟ್ ಶತಕವನ್ನೇ ತ್ರಿಶತಕವಾಗಿ ಬೆಳೆಸಿದವರು ಜಗತ್ತಿನಲ್ಲಿ ಇನ್ನಿಬ್ಬರೇ: 1958ರಲ್ಲಿ ಗ್ಯಾರಿ ಸೋಬರ್ಸ್, 1964ರಲ್ಲಿ ಬಾಬ್ ಸಿಂಪ್ಸನ್.

ಜಡೇಜ 48ಕ್ಕೆ 7 ವಿಕೆಟ್ ಕಿತ್ತರು. ಭಾರತ ಇನ್ನಿಂಗ್ಸ್ ಮತ್ತು 75 ರನ್ನಿನಿಂದ ಗೆದ್ದಿತು.

ಭಾರತದ ಮುಂದಿನ ಟೆಸ್ಟ್ 2017ರ ಫೆಬ್ರುವರಿ 9ರಂದು ಹೈದರಾಬಾದ್‌ನಲ್ಲಿ, ಬಾಂಗ್ಲಾದೇಶ ಎದುರು. ಹನ್ನೊಂದರಲ್ಲಿ ಕರುಣ್ ಇರಲಿಲ್ಲ.

ಹೈದರಾಬಾದ್ ತೀರ್ಮಾನ ತಪ್ಪಾ?

ಕೊಹ್ಲಿ ಆಗ ಕೊಟ್ಟ ಕಾರಣ ಸರಳ. ರಹಾನೆ ಎರಡು ವರ್ಷ ತಂಡಕ್ಕಾಗಿ ಮಾಡಿದ ಕೆಲಸವನ್ನು ಇನ್ನೊಬ್ಬರ ಒಂದು ಪಂದ್ಯ ಅಳಿಸಲಾರದು. ಗಾಯದಿಂದ ಹೋದವರಿಗೆ ಜಾಗ ಹಾಗೇ ಕಾದಿರಬೇಕು. ಜೊತೆಗೆ ಕೊಹ್ಲಿಗೆ ಐದು ಬೌಲರ್‌ಗಳು ಬೇಕಿತ್ತು, ಆರನೇ ಬ್ಯಾಟ್ಸ್‌ಮನ್‌ಗೆ ಜಾಗವೇ ಉಳಿಯಲಿಲ್ಲ. ರಹಾನೆ ಅಲ್ಲಿ 82 ಹೊಡೆದರು, ತಂಡ ಗೆದ್ದಿತು. ಯಾರೂ ಪ್ರಶ್ನೆ ಮಾಡುವ ಹಾಗಿರಲಿಲ್ಲ.

ನನ್ನ ಮಟ್ಟಿಗೆ ಇದು ಅನ್ಯಾಯವಲ್ಲ. ಕಠಿಣ, ಆದರೆ ನಿಯಮಕ್ಕೆ ಸರಿ. ನಾಳೆ ಕರುಣ್‌ಗೇ ಗಾಯವಾಗಿ ಬೇರೆಯವರು ಬಂದು ದ್ವಿಶತಕ ಹೊಡೆದಿದ್ದರೆ ನಾವೇ ಈ ನಿಯಮ ಎತ್ತಿ ಹಿಡಿಯುತ್ತಿದ್ದೆವು. ತೊಂದರೆ ಏನೆಂದರೆ, ಇಂಥ ನಿಯಮದಲ್ಲಿ ತ್ರಿಶತಕಕ್ಕೂ 30 ರನ್ನಿಗೂ ವ್ಯತ್ಯಾಸವೇ ಇಲ್ಲ. ಎಷ್ಟು ಹೊಡೆದರೂ ಜಾಗ ಬೇರೆಯವರದ್ದೇ.

ಕ್ರಿಕೆಟ್‌ನಲ್ಲಿ ಇದು ಮೊದಲ ಸಲವೂ ಅಲ್ಲ. ಟೆಸ್ಟ್ ಇತಿಹಾಸದ ಮೊಟ್ಟಮೊದಲ ತ್ರಿಶತಕ ಇಂಗ್ಲೆಂಡಿನ ಆ್ಯಂಡಿ ಸ್ಯಾಂಡಮ್ ಅವರದ್ದು. 1930ರಲ್ಲಿ ಕಿಂಗ್‌ಸ್ಟನ್‌ನಲ್ಲಿ 325. ಅವರಿಗೆ ಆಗ 39 ವರ್ಷ. ಅದೇ ಅವರ ಕೊನೆಯ ಟೆಸ್ಟ್ ಆಯಿತು. ನಮ್ಮ ಕುಲದೀಪ್ ಯಾದವ್ 2022ರ ಡಿಸೆಂಬರ್‌ನಲ್ಲಿ ಚಟ್ಟೋಗ್ರಾಮದಲ್ಲಿ ಪಂದ್ಯಶ್ರೇಷ್ಠರಾದರು, ಮುಂದಿನ ಮೀರ್‌ಪುರ ಟೆಸ್ಟ್‌ನಲ್ಲಿ ಬೆಂಚ್ ಮೇಲೆ ಕೂತರು. ಕರ್ನಾಟಕದವರಿಗೆ ವಿಜಯ್ ಭಾರದ್ವಾಜ್ ನೆನಪಿರಬೇಕು. 1999ರಲ್ಲಿ ನೈರೋಬಿಯಲ್ಲಿ ಮೊದಲ ಸರಣಿಯಲ್ಲೇ ಸರಣಿಶ್ರೇಷ್ಠ. ಕೊನೆಗೆ ಅವರ ಲೆಕ್ಕ 3 ಟೆಸ್ಟ್, 10 ಏಕದಿನ.

ಹೈದರಾಬಾದ್ ಆದಮೇಲೆ ಪುಣೆಯಲ್ಲಿ ಆಸ್ಟ್ರೇಲಿಯಾ ಎದುರು ಭಾರತ ಹೀನಾಯವಾಗಿ ಸೋತಿತು. ಆಗ ಆರನೇ ಬ್ಯಾಟ್ಸ್‌ಮನ್ ಬೇಕು ಅನ್ನಿಸಿತು. ಕರುಣ್ ವಾಪಸ್ ಬಂದರು, ಅದೂ ಚಿನ್ನಸ್ವಾಮಿಯಲ್ಲಿ, ತವರು ಜನರ ಮುಂದೆ. ನೇಥನ್ ಲಯನ್ 8 ವಿಕೆಟ್ ಕಿತ್ತ ಆ ಇನ್ನಿಂಗ್ಸ್‌ನಲ್ಲಿ 26 ಹೊಡೆದು ಸ್ಟಂಪ್ ಆದರು. ಎರಡನೇ ಇನ್ನಿಂಗ್ಸ್‌ನಲ್ಲಿ ಮಿಚೆಲ್ ಸ್ಟಾರ್ಕ್ ಮೊದಲ ಎಸೆತಕ್ಕೇ ಬೌಲ್ಡ್ ಮಾಡಿದರು. ರಾಂಚಿಯಲ್ಲಿ 23, ಧರ್ಮಶಾಲಾದಲ್ಲಿ 5. ಶ್ರೀಲಂಕಾ ಪ್ರವಾಸಕ್ಕೆ ರೋಹಿತ್ ಶರ್ಮಾ ಮರಳಿದರು. ಕರುಣ್ ಹೋದರು.

ಇದನ್ನೂ ತಪ್ಪು ಅನ್ನಲಾರೆ. ಮೂರು ಟೆಸ್ಟ್, ನಾಲ್ಕು ಇನ್ನಿಂಗ್ಸ್, 54 ರನ್. ಒಳ್ಳೆಯ ಬೌಲಿಂಗ್ ಎದುರು ನಿಲ್ಲಲಿಲ್ಲ.

ನನಗೆ ತಪ್ಪು ಅನ್ನಿಸುವುದು 2018ರ ಇಂಗ್ಲೆಂಡ್ ಪ್ರವಾಸ. ಕರುಣ್ ಸರಣಿಯ ಮೊದಲ ದಿನದಿಂದ ತಂಡದ ಜೊತೆಗಿದ್ದರು. ನಾಲ್ಕು ಟೆಸ್ಟ್ ಹೊರಗೆ ಕೂತರು. ಕೊನೆಯ ಎರಡು ಟೆಸ್ಟ್‌ಗೆ ಹನುಮ ವಿಹಾರಿ, ಪೃಥ್ವಿ ಶಾ ಅವರನ್ನು ಹೊಸದಾಗಿ ಕರೆಸಿಕೊಂಡರು. ಐದನೇ ಟೆಸ್ಟ್ ಓವಲ್‌ನಲ್ಲಿ. ಹಾರ್ದಿಕ್ ಪಾಂಡ್ಯ ಜಾಗಕ್ಕೆ ಒಬ್ಬ ಬ್ಯಾಟ್ಸ್‌ಮನ್ ಬೇಕಿತ್ತು. ತಡವಾಗಿ ಬಂದ ವಿಹಾರಿ ಆಡಿದರು, ಮೊದಲಿಂದ ಕಾದಿದ್ದ ಕರುಣ್ ನೀರು ಹೊತ್ತರು. ಸುನಿಲ್ ಗವಾಸ್ಕರ್ ಟೀವಿಯಲ್ಲಿ ಇದನ್ನು ಕಟುವಾಗಿಯೇ ಟೀಕಿಸಿದರು.

ವಿಹಾರಿ ಚೆನ್ನಾಗಿಯೇ ಆಡಿದರು. 56 ರನ್, ಜೊತೆಗೆ ಆಫ್ ಸ್ಪಿನ್‌ನಲ್ಲಿ 3 ವಿಕೆಟ್. ಆದರೆ ವಿಷಯ ಅದಲ್ಲ. ಹೈದರಾಬಾದ್‌ನಲ್ಲಿ 'ಸಾಲಿನಲ್ಲಿ ಮೊದಲು ನಿಂತವರಿಗೆ ಮೊದಲು' ಅನ್ನುವ ನಿಯಮ ಕರುಣ್ ವಿರುದ್ಧ ಕೆಲಸ ಮಾಡಿತ್ತು. ಓವಲ್‌ನಲ್ಲಿ ಅದೇ ನಿಯಮ ಅವರ ಪರವಾಗಿ ಕೆಲಸ ಮಾಡಬೇಕಿತ್ತು. ಅಷ್ಟರಲ್ಲಿ ನಿಯಮವೇ ಬದಲಾಗಿತ್ತು. ಮುಂದಿನ ವೆಸ್ಟ್ ಇಂಡೀಸ್ ಸರಣಿಗೆ ತಂಡದಲ್ಲೇ ಹೆಸರಿಲ್ಲ. ಕೈಬಿಡುವ ಬಗ್ಗೆ ತಂಡದವರಾಗಲಿ ಆಯ್ಕೆಗಾರರಾಗಲಿ ತಮ್ಮ ಹತ್ತಿರ ಮಾತಾಡಿಲ್ಲ ಎಂದು ಕರುಣ್ ಹೇಳಿದರು. ನಾನೇ ಮಾತಾಡಿದ್ದೇನೆ ಎಂದು ಆಯ್ಕೆ ಸಮಿತಿ ಅಧ್ಯಕ್ಷ ಎಂ.ಎಸ್.ಕೆ. ಪ್ರಸಾದ್ ಹೇಳಿದರು. ಆಟಗಾರನಿಗೂ ಆಯ್ಕೆಗಾರನಿಗೂ ಪತ್ರಿಕೆಯಲ್ಲಿ ವಾದ ಶುರುವಾಯಿತು ಅಂದರೆ ಗೆಲ್ಲುವುದು ಯಾರು ಅಂತ ಬೇರೆ ಹೇಳಬೇಕೇ?

ಜಾಗಕ್ಕೆ ಇರುವ ಬೆಲೆ

ಸ್ವಲ್ಪ ದುಡ್ಡಿನ ಮಾತು. ಟೆಸ್ಟ್ ಆಡುವ ಹನ್ನೊಂದರಲ್ಲಿ ಇದ್ದರೆ ಪಂದ್ಯಕ್ಕೆ 15 ಲಕ್ಷ ರೂಪಾಯಿ. ತಂಡದಲ್ಲಿದ್ದೂ ಆಡದಿದ್ದರೆ ಅದರ ಅರ್ಧ. ರಣಜಿಯಲ್ಲಿ 2021ರಿಂದ, 40ಕ್ಕಿಂತ ಜಾಸ್ತಿ ಪಂದ್ಯ ಆಡಿದ ಹಿರಿಯರಿಗೆ ದಿನಕ್ಕೆ 60,000. ನಾಲ್ಕು ದಿನದ ಪಂದ್ಯಕ್ಕೆ 2.4 ಲಕ್ಷ. ಅಂದರೆ ಒಂದು ಟೆಸ್ಟ್‌ನ ಸಂಭಾವನೆಗೆ ಆರಕ್ಕಿಂತ ಜಾಸ್ತಿ ರಣಜಿ ಪಂದ್ಯ ಆಡಬೇಕು. 2024ರಲ್ಲಿ ಬಿಸಿಸಿಐ ಇನ್ನೊಂದು ಯೋಜನೆ ತಂದಿತು. ಋತುವಿನ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಟೆಸ್ಟ್ ಆಡಿದವರಿಗೆ ಪ್ರತಿ ಪಂದ್ಯಕ್ಕೂ 45 ಲಕ್ಷ ಪ್ರೋತ್ಸಾಹಧನ. ಟೆಸ್ಟ್ ಕ್ರಿಕೆಟ್ ಉಳಿಸಲು ಒಳ್ಳೆಯ ಯೋಜನೆಯೇ. ಆದರೆ ಅದು ಸೇರುವುದು ಜಾಗ ಗಟ್ಟಿಯಾದವರಿಗೆ. ಮೂರು ಆಡಿ ಹೊರಗೆ ಹೋಗುವವರಿಗೆ ಅಲ್ಲ.

2017 ಮತ್ತು 2018ರಲ್ಲಿ ಕರುಣ್‌ಗೆ ಬಿಸಿಸಿಐನ 'ಸಿ' ದರ್ಜೆಯ ವಾರ್ಷಿಕ ಒಪ್ಪಂದವಿತ್ತು. ಆಮೇಲೆ ಅದೂ ಹೋಯಿತು. ಐಪಿಎಲ್‌ನಲ್ಲಿ ಬೇಡಿಕೆ ವರ್ಷ ವರ್ಷ ಇಳಿಯಿತು. 2019-20ರಲ್ಲಿ ಕರ್ನಾಟಕ ರಣಜಿ ತಂಡದ ನಾಯಕರಾಗಿದ್ದವರಿಗೆ 2022-23ರಲ್ಲಿ ಅದೇ ತಂಡದಲ್ಲಿ ಜಾಗವಿರಲಿಲ್ಲ.

ಕರ್ನಾಟಕಕ್ಕೆ ಇದು ಹೊಸದೇನಲ್ಲ. ಇಲ್ಲಿ ಪ್ರತಿಭೆಗೆ ಬರವಿಲ್ಲ, ಅದಕ್ಕೇ ಹಿರಿಯರ ಬಗ್ಗೆ ತಾಳ್ಮೆಯೂ ಕಡಿಮೆ. ರಾಬಿನ್ ಉತ್ತಪ್ಪ ಸೌರಾಷ್ಟ್ರಕ್ಕೆ, ಆಮೇಲೆ ಕೇರಳಕ್ಕೆ ಹೋದರು. ವಿನಯ್ ಕುಮಾರ್ ಪುದುಚೇರಿಗೆ. ಶ್ರೇಯಸ್ ಗೋಪಾಲ್ ಕೇರಳಕ್ಕೆ ಹೋಗಿ ವಾಪಸ್ ಬಂದರು.

2022ರ ಡಿಸೆಂಬರ್‌ನಲ್ಲಿ ಕರುಣ್ ಟ್ವಿಟರ್‌ನಲ್ಲಿ ಒಂದು ಸಾಲು ಹಾಕಿದರು: 'ಪ್ರೀತಿಯ ಕ್ರಿಕೆಟ್, ನನಗೆ ಇನ್ನೊಂದು ಅವಕಾಶ ಕೊಡು.' ಆಗ ಅವರಿಗೆ 31. ತ್ರಿಶತಕಕ್ಕೆ ಆರು ವರ್ಷ ಆಗುತ್ತಿತ್ತು. ಆ ಸಾಲನ್ನು ಕೆಲವರು ಆಡಿಕೊಂಡರು, ಕೆಲವರು ಮರುಗಿದರು. ನನಗೆ ಅದರಲ್ಲಿ ಕಂಡದ್ದು ಬೇರೆ. ಅವರು ಅದನ್ನು ಆಯ್ಕೆಗಾರರಿಗೆ ಬರೆದಿರಲಿಲ್ಲ.

ಹೊರಗಿಂದ ಕಟ್ಟಿಕೊಂಡಿದ್ದು

2023ರಲ್ಲಿ ಕರ್ನಾಟಕದಿಂದ ಎನ್‌ಒಸಿ (ಬೇರೆ ರಾಜ್ಯಕ್ಕೆ ಆಡಲು ಒಪ್ಪಿಗೆ ಪತ್ರ) ತೆಗೆದುಕೊಂಡು ವಿದರ್ಭಕ್ಕೆ ಹೋದರು. ಹೊರರಾಜ್ಯದ ಆಟಗಾರನಾಗಿ ಹೋಗುವುದು ಸುಲಭದ ಬದುಕಲ್ಲ. ನಿಮ್ಮನ್ನು ದುಡ್ಡು ಕೊಟ್ಟು ಕರೆಸಿಕೊಂಡಿರುತ್ತಾರೆ. ಎರಡು ಪಂದ್ಯ ವಿಫಲರಾದರೆ 'ನಮ್ಮ ಊರಿನ ಹುಡುಗನ ಜಾಗ ತಿಂದ' ಅನ್ನುವ ಮಾತು ಶುರುವಾಗುತ್ತದೆ.

ಆ ವರ್ಷ ಸೆಪ್ಟೆಂಬರ್‌ನಲ್ಲಿ ಇಂಗ್ಲೆಂಡಿನ ನಾರ್ಥಾಂಪ್ಟನ್‌ಶೈರ್ ಕೌಂಟಿ ಕೊನೆಯ ಮೂರು ಪಂದ್ಯಗಳಿಗೆ ಕರೆಯಿತು. ಓವಲ್‌ನಲ್ಲಿ ಸರ್ರೆ ಎದುರು 150. ಐದು ವರ್ಷದ ಹಿಂದೆ ಬೆಂಚ್ ಮೇಲೆ ಕೂತ ಅದೇ ಮೈದಾನ. ಮರುವರ್ಷ ಏಪ್ರಿಲ್‌ನ ಚಳಿಯಲ್ಲಿ ಗ್ಲಾಮೋರ್ಗನ್ ಎದುರು ಅಜೇಯ 202. ವಿದರ್ಭಕ್ಕೆ ಮೊದಲ ರಣಜಿ ಋತುವಿನಲ್ಲಿ 690 ರನ್, ತಂಡ ಫೈನಲ್‌ವರೆಗೆ ಹೋಗಿ ಮುಂಬೈಗೆ ಸೋತಿತು. 2024ರಲ್ಲಿ ಕರ್ನಾಟಕದ ಟಿ20 ಟೂರ್ನಿ ಮಹಾರಾಜ ಟ್ರೋಫಿಯಲ್ಲಿ ಮೈಸೂರು ವಾರಿಯರ್ಸ್ ನಾಯಕರಾಗಿ 560 ರನ್ ಹೊಡೆದು ಕಪ್ ಗೆದ್ದರು. ಅದರಲ್ಲಿ 48 ಎಸೆತಕ್ಕೆ ಅಜೇಯ 124 ಇತ್ತು. ಇವರನ್ನು ಬರೀ ಟೆಸ್ಟ್ ಆಟಗಾರ ಅಂದುಕೊಂಡವರು ಅಲ್ಲಿ ಕಣ್ಣುಜ್ಜಿಕೊಂಡರು.

ನಿಜವಾದ ಹಬ್ಬ 2024-25ರ ವಿಜಯ್ ಹಜಾರೆ ಟ್ರೋಫಿ, ರಾಜ್ಯ ತಂಡಗಳ ಏಕದಿನ ಟೂರ್ನಿ. ಇನ್ನಿಂಗ್ಸ್‌ಗಳನ್ನು ಸಾಲಾಗಿ ಓದಬೇಕು. ಔಟಾಗದೆ 112. ಔಟಾಗದೆ 44. ಔಟಾಗದೆ 163. ಔಟಾಗದೆ 111. ಆಮೇಲೆ 112 ಹೊಡೆದು ಔಟ್. ಒಮ್ಮೆ ಔಟಾಗುವ ಮೊದಲು 542 ರನ್! ಲಿಸ್ಟ್ ಎ ಕ್ರಿಕೆಟ್‌ನಲ್ಲಿ, ಅಂದರೆ ಅಂತರರಾಷ್ಟ್ರೀಯ, ದೇಶೀಯ ಏಕದಿನ ಪಂದ್ಯಗಳೆಲ್ಲ ಸೇರಿ, ಹಾಗೆ ಯಾರೂ ಹೊಡೆದಿರಲಿಲ್ಲ. ಕ್ವಾರ್ಟರ್ ಫೈನಲ್‌ನಲ್ಲಿ ಮತ್ತೆ ಔಟಾಗದೆ 122, ಸೆಮಿಫೈನಲ್‌ನಲ್ಲಿ ಔಟಾಗದೆ 88. ವಡೋದರದಲ್ಲಿ ಫೈನಲ್. ಎದುರಾಳಿ ಯಾರು? ಕರ್ನಾಟಕ. ಪ್ರಸಿದ್ಧ್ ಕೃಷ್ಣ 27ಕ್ಕೆ ಬೌಲ್ಡ್ ಮಾಡಿದರು. ಆರ್. ಸ್ಮರಣ್ ಶತಕ ಹೊಡೆದರು, ಕರ್ನಾಟಕ 36 ರನ್ನಿನಿಂದ ಗೆದ್ದಿತು. ಕರುಣ್ ಒಟ್ಟು 779 ರನ್, ಸರಾಸರಿ 389.5. ಕರ್ನಾಟಕದ ಅಭಿಮಾನಿಗೆ ಅವತ್ತು ಯಾರು ಗೆಲ್ಲಬೇಕು ಅಂತ ಗೊತ್ತಾಗದ ಪರಿಸ್ಥಿತಿ.

ರಣಜಿ ಫೈನಲ್ ನಾಗಪುರದಲ್ಲಿ, ಕೇರಳದ ಎದುರು. 86 ಮತ್ತು 135. ಎರಡೂ ಟೂರ್ನಿ ಸೇರಿ ಋತುವಿನ ಒಂಬತ್ತನೇ ಶತಕ ಅದು. ಒಂಬತ್ತು ಬೆರಳು ಎತ್ತಿ ತೋರಿಸಿದರು. ವಿದರ್ಭಕ್ಕೆ ಕಪ್, ಇವರಿಗೆ 863 ರನ್. ಏಪ್ರಿಲ್‌ನಲ್ಲಿ ಐಪಿಎಲ್‌ನಲ್ಲಿ ದೆಹಲಿ ಪರ ಮುಂಬೈ ಎದುರು 40 ಎಸೆತಕ್ಕೆ 89. ಜಸ್‌ಪ್ರೀತ್ ಬೂಮ್ರಾ ಅವರಿಗೂ ಸಿಕ್ಸರ್ ಬಿತ್ತು.

ಇಷ್ಟೆಲ್ಲ ರನ್ನಿದ್ದರೂ ಸಾಕಾಗುತ್ತಿರಲಿಲ್ಲವೇನೋ. 2025ರ ಮೇ ತಿಂಗಳಲ್ಲಿ ಒಂದು ವಾರದೊಳಗೆ ರೋಹಿತ್ ಮತ್ತು ಕೊಹ್ಲಿ ಇಬ್ಬರೂ ಟೆಸ್ಟ್‌ಗೆ ವಿದಾಯ ಹೇಳಿದರು. ಬ್ಯಾಟಿಂಗ್‌ನಲ್ಲಿ ದೊಡ್ಡ ಖಾಲಿ ಜಾಗ. ಕರುಣ್ ಹೆಸರು ಇಂಗ್ಲೆಂಡ್ ಪ್ರವಾಸದ ಪಟ್ಟಿಯಲ್ಲಿ ಬಂತು. ಈ ಸಲವೂ ಬಾಗಿಲು ತೆರೆದದ್ದು ಬೇರೆಯವರು ಹೊರಗೆ ಹೋದಾಗಲೇ.

ಎರಡನೇ ಸುತ್ತು

ಕ್ಯಾಂಟರ್ಬರಿಯಲ್ಲಿ ಭಾರತ 'ಎ' ಪರ ಇಂಗ್ಲೆಂಡಿನ ಎರಡನೇ ಸಾಲಿನ ತಂಡ ಲಯನ್ಸ್ ಎದುರು 204. ಜೂನ್ 20ರಂದು ಲೀಡ್ಸ್‌ನಲ್ಲಿ ಟೆಸ್ಟ್ ಕ್ಯಾಪ್ ಮತ್ತೆ ತಲೆಗೇರಿತು, ಎಂಟು ವರ್ಷ ಮೂರು ತಿಂಗಳ ನಂತರ. ವಯಸ್ಸು 33. ರಾಹುಲ್, ಪ್ರಸಿದ್ಧ್, ಕರುಣ್, ಹನ್ನೊಂದರಲ್ಲಿ ಮೂವರು ಕರ್ನಾಟಕದವರು.

ಆರನೇ ಕ್ರಮಾಂಕದಲ್ಲಿ ಇಳಿದರು. ಬೆನ್ ಸ್ಟೋಕ್ಸ್ ಎಸೆತಕ್ಕೆ ಕವರ್‌ನಲ್ಲಿ ಆಲಿ ಪೋಪ್ ಹಾರಿ ಹಿಡಿದರು. ಸೊನ್ನೆ. ಎರಡನೇ ಇನ್ನಿಂಗ್ಸ್‌ನಲ್ಲಿ 20. ಮುಂದಿನ ಟೆಸ್ಟ್‌ಗೆ ಮೂರನೇ ಕ್ರಮಾಂಕ. ಬರ್ಮಿಂಗ್‌ಹ್ಯಾಂನಲ್ಲಿ 31 ಮತ್ತು 26. ಲಾರ್ಡ್ಸ್‌ನಲ್ಲಿ 40 ಮತ್ತು 14. ಆ 40ರ ಹೊತ್ತಿಗೆ ಒಂದು ತಮಾಷೆ ನಡೆಯಿತು. ಸ್ಲಿಪ್‌ನಲ್ಲಿ ಒಂದೇ ಕೈಯಲ್ಲಿ ಕ್ಯಾಚ್ ಹಿಡಿದ ಜೋ ರೂಟ್‌ಗೆ ಅದು 211ನೆಯದು. ಅವರು ಮುರಿದ ದಾಖಲೆ ರಾಹುಲ್ ದ್ರಾವಿಡ್ ಅವರದ್ದು. ಬೆಂಗಳೂರಿನವರ ದಾಖಲೆ ಮುರಿಯಲು ಬೆಂಗಳೂರಿನವರ ಬ್ಯಾಟೇ ಬೇಕಾಯಿತು ನೋಡಿ!

ಈ ಆರು ಇನ್ನಿಂಗ್ಸ್ ನೋಡಿದರೆ ಒಂದು ವಿಷಯ ಕಾಣುತ್ತದೆ. ಕರುಣ್ ಕಂಗಾಲಾಗಿ ಆಡಲಿಲ್ಲ. ಕ್ರೀಸ್‌ನಲ್ಲಿ ನೆಮ್ಮದಿಯಾಗಿದ್ದರು. ಆರರಲ್ಲಿ ನಾಲ್ಕು ಸಲ 20 ಮುಟ್ಟಿದರು. ಆಮೇಲೆ ಔಟಾದರು. ಲಾರ್ಡ್ಸ್‌ನ ಎರಡನೇ ಇನ್ನಿಂಗ್ಸ್‌ನಲ್ಲಿ ಬ್ರೈಡನ್ ಕಾರ್ಸ್ ಹಾಕಿದ ನೇರ ಎಸೆತಕ್ಕೆ ಬ್ಯಾಟ್ ಎತ್ತಿ ಬಿಟ್ಟು ಎಲ್‌ಬಿಡಬ್ಲ್ಯು. ಭಾರತ ಆ ಪಂದ್ಯ ಸೋತದ್ದು 22 ರನ್ನಿನಿಂದ. ಅನುಭವಿ ಬ್ಯಾಟ್ಸ್‌ಮನ್ ಮಾಡುವ ತಪ್ಪಲ್ಲ ಅದು. ದೇಶೀಯ ಕ್ರಿಕೆಟ್‌ನಲ್ಲಿ ಒಮ್ಮೆ ನಿಂತರೆ ಔಟೇ ಆಗದೆ ಆಡುತ್ತಿದ್ದವರು, ಇಲ್ಲಿ ನಿಂತ ಮೇಲೆ ಔಟಾಗುತ್ತಿದ್ದರು. ಬೌಲಿಂಗ್ ಮಟ್ಟ ಬೇರೆ, ನಿಜ. ಒಂದು ಕ್ರಮಾಂಕದಲ್ಲಿ ನೆಲೆಯಾಗಲು ಬಿಡಲಿಲ್ಲ ಅನ್ನುವುದೂ ನಿಜ. ಆದರೆ ಮೂರನೇ ಕ್ರಮಾಂಕ ನಾಲ್ಕು ಇನ್ನಿಂಗ್ಸ್ ಸಿಕ್ಕಿತ್ತು. ಅದರಲ್ಲಿ ಒಂದು ಅರ್ಧಶತಕ ಬೇಕಿತ್ತು.

ಮ್ಯಾಂಚೆಸ್ಟರ್‌ಗೆ ಕರುಣ್ ಹೊರಗೆ, ಸಾಯಿ ಸುದರ್ಶನ್ ಒಳಗೆ. ಮತ್ತೆ ಮೂರಕ್ಕೇ ನಿಂತಿತು. ಅದೇ ಟೆಸ್ಟ್‌ಗೆ ಇಂಗ್ಲೆಂಡ್ ಲಿಯಾಂ ಡಾಸನ್ ಅವರನ್ನು ಎಂಟು ವರ್ಷದ ನಂತರ ಕರೆಸಿಕೊಂಡಿತು. ಡಾಸನ್ ಮೊದಲ ಟೆಸ್ಟ್ ಯಾವುದು ಗೊತ್ತಾ? ಚೆನ್ನೈ, 2016. ಕರುಣ್ 303 ಹೊಡೆದ ಟೆಸ್ಟ್.

ಓವಲ್‌ನಲ್ಲಿ ಕೊನೆಯ ಟೆಸ್ಟ್. ಹಸಿರು ಪಿಚ್, ಮೋಡ. ಐದನೇ ಕ್ರಮಾಂಕದಲ್ಲಿ ಬಂದ ಕರುಣ್ 109 ಎಸೆತಕ್ಕೆ 57. ಭಾರತದ 224ರಲ್ಲಿ ಬೇರೆ ಯಾರೂ 40 ಮುಟ್ಟಲಿಲ್ಲ. ಎಂಟೂವರೆ ವರ್ಷದ ಹಿಂದಿನ 303ರ ನಂತರ ಟೆಸ್ಟ್‌ನಲ್ಲಿ ಅವರ ಮೊದಲ ಅರ್ಧಶತಕ ಅದು. ಆ ಇನ್ನಿಂಗ್ಸ್ ನಡುವೆ ಬೌಂಡರಿ ತಡೆಯಲು ಓಡಿದ ಕ್ರಿಸ್ ವೋಕ್ಸ್ ಬಿದ್ದು ಭುಜ ಮುರಿದಷ್ಟು ನೋವಿನಲ್ಲಿ ಒದ್ದಾಡಿದಾಗ, ಕರುಣ್ ಮತ್ತು ವಾಷಿಂಗ್ಟನ್ ಸುಂದರ್ ಇನ್ನೊಂದು ರನ್ನಿಗೆ ಓಡಲಿಲ್ಲ. ಜಾಗಕ್ಕಾಗಿ ಒಂದೊಂದು ರನ್ನೂ ಬೇಕಿದ್ದ ಮನುಷ್ಯ ಬಿಟ್ಟುಕೊಟ್ಟ ರನ್ ಅದು. ಭಾರತ 6 ರನ್ನಿನಿಂದ ಗೆದ್ದಿತು, ಸರಣಿ 2-2.

ಕರುಣ್ ಲೆಕ್ಕ: ಎಂಟು ಇನ್ನಿಂಗ್ಸ್, 205 ರನ್.

ಸೆಪ್ಟೆಂಬರ್‌ನಲ್ಲಿ ವೆಸ್ಟ್ ಇಂಡೀಸ್ ಸರಣಿಗೆ ತಂಡ ಪ್ರಕಟವಾಯಿತು. ಕರುಣ್ ಇಲ್ಲ, ದೇವದತ್ತ ಪಡಿಕ್ಕಲ್ ಇದ್ದಾರೆ. ಕರುಣ್ ಅವರಿಂದ ಇನ್ನೂ ಜಾಸ್ತಿ ನಿರೀಕ್ಷೆ ಇತ್ತು, ಎಲ್ಲರಿಗೂ 15-20 ಟೆಸ್ಟ್ ಕೊಡಲು ಆಗುವುದಿಲ್ಲ ಎಂಬರ್ಥದಲ್ಲಿ ಮುಖ್ಯ ಆಯ್ಕೆಗಾರ ಅಜಿತ್ ಅಗರ್ಕರ್ ಹೇಳಿದರು. 33ರ ಬ್ಯಾಟ್ಸ್‌ಮನ್‌ಗಿಂತ 25ರ ಎಡಗೈ ಬ್ಯಾಟ್ಸ್‌ಮನ್ ಮೇಲೆ ಹೂಡುವುದು ಲೆಕ್ಕಕ್ಕೆ ಸರಿ. ನಾನು ಆ ಕುರ್ಚಿಯಲ್ಲಿ ಕೂತಿದ್ದರೂ ಬಹುಶಃ ಅದೇ ಮಾಡುತ್ತಿದ್ದೆ. ಆದರೆ 15-20 ಅನ್ನುವ ಅಂಕಿ ಇಲ್ಲಿ ಹೊಂದುವುದಿಲ್ಲ. ಇವರ ವಿಷಯದಲ್ಲಿ ಪ್ರಶ್ನೆ ಇದ್ದದ್ದು ನಾಲ್ಕನೆಯದರ ಬಗ್ಗೆ.

2025-26ರ ಋತುವಿಗೆ ಕರುಣ್ ಕರ್ನಾಟಕಕ್ಕೆ ಮರಳಿದರು. ರಾಜ್‌ಕೋಟ್‌ನಲ್ಲಿ ಸೌರಾಷ್ಟ್ರ ಎದುರು 73. ಶಿವಮೊಗ್ಗದಲ್ಲಿ ಗೋವಾ ಎದುರು ಔಟಾಗದೆ 174. ತಿರುವನಂತಪುರದಲ್ಲಿ ಕೇರಳ ಎದುರು 233. ಅಲ್ಲಿ ಆಚೆ ತುದಿಯಲ್ಲಿ ಅಜೇಯ 220 ಹೊಡೆದವರು ಸ್ಮರಣ್, ವಡೋದರದ ಫೈನಲ್‌ನಲ್ಲಿ ಇವರ ಕೈಯಿಂದ ಕಪ್ ತಪ್ಪಿಸಿದ ಅದೇ ಹುಡುಗ.

2025ರ ನವೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾ ಭಾರತಕ್ಕೆ ಬಂತು. ಕೋಲ್ಕತ್ತದಲ್ಲಿ ಮೂರನೇ ಕ್ರಮಾಂಕಕ್ಕೆ ವಾಷಿಂಗ್ಟನ್ ಸುಂದರ್ ಹೋದರು. ಗುವಾಹಟಿಯಲ್ಲಿ ಸಾಯಿ ಸುದರ್ಶನ್. ಎರಡೂ ಟೆಸ್ಟ್ ಭಾರತ ಸೋತಿತು, ಎರಡನೆಯದನ್ನು 408 ರನ್ನಿನಿಂದ. ಆ ಸರಣಿ ಮುಗಿದಾಗಲೂ ಮೂರನೇ ಕ್ರಮಾಂಕ ಯಾರದ್ದೂ ಆಗಿರಲಿಲ್ಲ.